ಮೂರು ಸಲ ಕರೆಯದ ಊರಿನಲ್ಲಿ ಒಂದು ಚಳಿಗಾಲ

ಹಾಸ್ಟೆಲ್ಲು

ಹಿಮ ಹೇಗಿರುತ್ತದೆ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕೈಯಿಟ್ಟು ನೋಡಿ, ಹಾಗೇ ಇರುತ್ತದೆ ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ. ಆದರೆ ನ್ಯೂ ಜೆರ್ಸಿಯ ಚಳಿಗಾಲ ಎಂದರೆ ನನಗೆ ಮೊದಲು ನೆನಪಾಗುವುದು ಹಿಮವಲ್ಲ. ಒಂದೇ ಸಲ ಕೇಳಿ ಸುಮ್ಮನಾಗಿಬಿಡುವ ಜನ, ಮತ್ತು ಪಕ್ಕದ ನ್ಯೂಯಾರ್ಕಿನ ಜೆರಿಕೋ ಎಂಬ ಊರಿನ ಒಂದು ಮನೆಯ ನೆಲಮಾಳಿಗೆಯಲ್ಲಿ ಗೋಡೆಗೊರಗಿ ನಿಂತಿದ್ದ ಅಕ್ಕಿ ಚೀಲಗಳು.

ಇಸವಿ ಎರಡು ಸಾವಿರ ಹುಟ್ಟಲಿದ್ದ ಚಳಿಗಾಲ ಅದು. ಆಗ ಅಮೆರಿಕಕ್ಕೆ ಹೊರಟವರೆಲ್ಲ ಕಂಪ್ಯೂಟರಿಗೇ ಹೊರಡುತ್ತಿದ್ದರು. ಸೇತುವೆ ಕಟ್ಟಲು ಕಲಿತವರೂ ಜಾವಾ ಬರೆಯುತ್ತಿದ್ದರು, ದನದ ಡಾಕ್ಟರಿಕೆ ಓದಿದವರೂ ಜಾವಾ ಬರೆಯುತ್ತಿದ್ದರು. ನಾನು ಧಾರವಾಡದಿಂದ ಮಣ್ಣು ಓದಲು ಹೋದೆ. ವಿಮಾನದಲ್ಲಿ ಪಕ್ಕದ ಸೀಟಿನವರು ಯಾವ ಲ್ಯಾಂಗ್ವೇಜು ಎಂದು ಕೇಳಿದರು. ಮಣ್ಣು ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡವರು ನ್ಯೂಯಾರ್ಕ್ ಬರುವವರೆಗೂ ಈಚೆ ತಿರುಗಲಿಲ್ಲ.

ಹೋಗಿ ನಾಲ್ಕು ತಿಂಗಳಾಗುವಷ್ಟರಲ್ಲಿ ಮಣ್ಣು ಕಲ್ಲಾಯಿತು. ಅಗೆಯಲು ಹೋದರೆ ಗುದ್ದಲಿ ಟಣ್ ಎನ್ನುತ್ತಿತ್ತು. ನನಗೆ ಚಳಿಗಾಲದಲ್ಲಿ ಬದುಕುವುದನ್ನು ಕಲಿಸಿದವಳು ಹೆಲ್ಮಿ, ನನ್ನ ರೂಮ್‌ಮೇಟು, ಫಿನ್‌ಲೆಂಡಿನವಳು. ನಾನು ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ಕುಳಿತಿದ್ದರೆ ಅವಳು ತೆಳು ಅಂಗಿಯಲ್ಲಿ ಓಡಾಡುತ್ತ, ಇದನ್ನು ಚಳಿ ಎಂದು ಕರೆದು ಚಳಿಗೆ ಅವಮಾನ ಮಾಡಬೇಡ ಎನ್ನುತ್ತಿದ್ದಳು. ಉಣ್ಣೆಯ ಕಾಲುಚೀಲವನ್ನು ಹಾಕಿಕೊಳ್ಳುವ ಮೊದಲು ಹೀಟರಿನ ಮೇಲೆ ಬೆಚ್ಚಗೆ ಮಾಡಬೇಕು. ಸಂಜೆಗೆ ಮೊದಲೇ ಕತ್ತಲಾಗುತ್ತದಲ್ಲ, ಆಗ ದೊಡ್ಡ ದೀಪ ಹಾಕದೆ ಕಿಟಕಿಯಲ್ಲಿ ಮೇಣದ ಬತ್ತಿ ಹಚ್ಚಿಟ್ಟು ಕಾಫಿ ಕುಡಿಯಬೇಕು. ಎಷ್ಟೇ ಹಿಮ ಬೀಳಲಿ, ದಿನಕ್ಕೊಮ್ಮೆ ಹೊರಗೆ ಹೋಗಿ ಮೂಗು ಕೆಂಪಗೆ ಮಾಡಿಕೊಂಡು ಬರಬೇಕು. ಇವು ಅವಳ ಕಟ್ಟಳೆಗಳು. ನಾನು ಅದೇ ಹೀಟರಿನ ಮೇಲೆ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಬೆಚ್ಚಗೆ ಮಾಡಿ, ಶೇಂಗಾ ಚಟ್ನಿಪುಡಿಯ ಜೊತೆ ಕೊಟ್ಟೆ. ಕಟುಮ್ ಎಂದು ಕಡಿದು, ಇಂಥ ರೊಟ್ಟಿ ನಮ್ಮೂರಲ್ಲೂ ಇದೆ ಎಂದಳು. ಇನ್ನೊಂದು ಬೇಕೇ ಎಂದೆ. ಬೇಕು ಎಂದಳು. ಅಷ್ಟು ಬೇಗ ಬೇಕು ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯಾಕೆಂದರೆ ನಾನು ಕಲಿತದ್ದು ಅವ್ವನ ಶಾಲೆಯಲ್ಲಿ. ಯಾರದೇ ಮನೆಗೆ ಹೋಗಲಿ, ಮೊದಲನೆಯ ಸಲ ಚಹಾ ಕೇಳಿದರೆ ಈಗಷ್ಟೇ ಕುಡಿದು ಬಂದೆವು ಎನ್ನಬೇಕು. ಎರಡನೆಯ ಸಲಕ್ಕೆ, ಸುಮ್ಮನೆ ಯಾಕೆ ತ್ರಾಸು ಎನ್ನಬೇಕು. ಮೂರನೆಯ ಸಲ ಕೇಳಿದರೆ ಅರ್ಧ ಕಪ್ಪಿಗೆ ಒಪ್ಪಬೇಕು, ಅವರು ತುಂಬಿದ ಕಪ್ಪನ್ನೇ ಕೊಡುತ್ತಾರೆ. ಮೊದಲನೆಯ ಸಲಕ್ಕೇ ಹೂಂ ಎಂದವಳು ಆಸೆಬುರುಕಿ. ಒಂದೇ ಸಲ ಕೇಳಿ ಬಿಟ್ಟವರು ಬಾಯಿಮಾತಿನ ಮಂದಿ. ಸಣ್ಣವಳಿದ್ದಾಗ ಪಕ್ಕದ ಮನೆಯಲ್ಲಿ ಕರದಂಟಿಗೆ ತಟ್ಟನೆ ಕೈ ಚಾಚಿದ್ದಕ್ಕೆ ಅವ್ವ ತೊಡೆಗೆ ಚಿವುಟಿದ್ದಳು. ಆ ಚಿವುಟು ನನ್ನ ಜೊತೆ ಅಮೆರಿಕಕ್ಕೂ ಬಂದಿತ್ತು.

ಡಿಸೆಂಬರಿನಲ್ಲಿ ಹಾಸ್ಟೆಲ್ಲಿನ ಬಾಗಿಲಿಗೆ ನೋಟೀಸು ಅಂಟಿಸಿದರು. ಕ್ರಿಸ್‌ಮಸ್ ರಜೆಗೆ ಹಾಸ್ಟೆಲ್ಲು ಮುಚ್ಚುತ್ತದೆ, ಜನವರಿಯಲ್ಲಿ ಪಾಠ ಶುರುವಾಗುವವರೆಗೆ ಒಬ್ಬರೂ ಒಳಗಿರುವಂತಿಲ್ಲ. ಎಲ್ಲರಿಗೂ ಹೋಗಲು ಮನೆಗಳಿದ್ದವು. ನನಗೂ ಹೆಲ್ಮಿಗೂ ಮನೆ ಸಮುದ್ರದ ಆಚೆಗಿತ್ತು. ಹೊರಗೆ ನೋಡಿದರೆ ಮೊಣಕಾಲುದ್ದ ಹಿಮ.

ನಮ್ಮ ವಿಭಾಗದ ಆಫೀಸಿನಲ್ಲಿ ಪ್ಯಾಟ್ ಎಂಬ ಹೆಂಗಸಿದ್ದಳು, ನಮ್ಮ ಅವ್ವನ ವಯಸ್ಸಿನವಳು. ಮಾತಿನ ಮಧ್ಯೆ ಅವಳೇ ಕೇಳಿದಳು: ಮಗಳು ಮದುವೆಯಾಗಿ ಹೋದ ಮೇಲೆ ಅವಳ ಕೋಣೆ ಖಾಲಿ ಇದೆ, ಎರಡು ಮಂಚ ಇವೆ, ರಜೆಗೆ ಬಂದು ಇರುತ್ತೀಯಾ? ನನ್ನ ಎದೆಯ ಮೇಲಿನ ಭಾರ ಇಳಿದೇಹೋಯಿತು. ಬಾಯಿ ಮಾತ್ರ ಅವ್ವನ ಮಾತು ಕೇಳಿತು. ಬೇಡ ಬೇಡ, ನಿಮಗೆ ಸುಮ್ಮನೆ ತೊಂದರೆ ಎಂದೆ. ಸರಿ ಹಾಗಾದರೆ ಎಂದು ಪ್ಯಾಟ್ ನಕ್ಕು, ಝೆರಾಕ್ಸ್ ಯಂತ್ರಕ್ಕೆ ಕಾಗದ ತುಂಬಿಸಲು ಎದ್ದಳು.

ನಾನು ನಿಂತೇ ಇದ್ದೆ. ಎರಡನೆಯ ಸಲ ಕೇಳಲಿ ಎಂದು ಕಾಯುತ್ತಿದ್ದೆ. ಇನ್ನೇನಾದರೂ ಬೇಕಿತ್ತೇ ಎಂದು ಕೇಳಿದಳು, ಏನಿಲ್ಲ ಎಂದು ಬಂದೆ. ಆ ವಾರವೆಲ್ಲ ಏನಾದರೊಂದು ನೆಪ ತೆಗೆದು ಆಫೀಸಿಗೆ ಹೋದೆ. ಚಳಿ ಜಾಸ್ತಿಯಾಯಿತಲ್ಲ ಎಂದೆ. ಹೌದು ಎಂದಳು. ಹಾಸ್ಟೆಲ್ಲು ಮುಚ್ಚುತ್ತದಂತೆ ಎಂದೆ. ಪಾಪ ಎಂದಳು. ಅದೇ ವಾರ ಹೆಲ್ಮಿಯನ್ನೂ ಕೇಳಿದಳು. ಹೆಲ್ಮಿ ಕೇಳಿದ ಉಸಿರಿಗೇ ಬರುತ್ತೇನೆ ಎಂದಳು.

ಕ್ರ್ಯಾನ್‌ಬರಿ

ರಜೆಗೆ ಮುಂಚಿನ ಭಾನುವಾರ ಹೆಲ್ಮಿಯ ಸಾಮಾನು ಇಟ್ಟು ಬರಲು ಪ್ಯಾಟ್ ಕಾರು ತಂದಳು. ಊಟಕ್ಕೆ ನೀನೂ ಬಾ ಎಂದಳು. ಇದು ಎರಡನೆಯ ಕರೆ, ಮೂರನೆಯದು ಅವಳ ಮನೆಯಲ್ಲಿ ಬಂದೀತು ಎಂದು ಲೆಕ್ಕ ಹಾಕಿ ಹತ್ತಿ ಕುಳಿತೆ. ಹೈವೇ ಬಿಟ್ಟ ಮೇಲೆ ಎರಡೂ ಕಡೆ ಗೋದಾಮುಗಳು, ಕಿಟಕಿಯೇ ಇಲ್ಲದ ಮೈಲುದ್ದದ ಗೋಡೆಗಳು, ಬಾಲ ಹಚ್ಚಿ ನಿಂತ ಲಾರಿಗಳು. ಅವನ್ನು ದಾಟಿದರೆ ಮರದ ಮನೆಗಳ ಸಣ್ಣ ಊರು, ಕ್ರ್ಯಾನ್‌ಬರಿ. ಪ್ಯಾಟ್‌ಳ ಗಂಡ ಅಲ್ಲೇ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ.

ಊಟದ ಕೊನೆಗೆ ಸೇಬಿನ ಪೈ ಬಂತು. ದಾಲ್ಚಿನ್ನಿ ಹಾಕಿದ ಬಿಸಿ ಹೂರಣ, ಮೇಲೆ ಗರಿಗರಿ ಹೊದಿಕೆ. ಅಂಥದ್ದನ್ನು ನಾನು ತಿಂದೇ ಇರಲಿಲ್ಲ. ಇನ್ನೊಂದು ತುಂಡು ಎಂದು ಪ್ಯಾಟ್ ಕೇಳಿದಳು. ಬೇಡ ಎಂದೆ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೆಲ್ಮಿ ಎರಡು ಸಲ ಹಾಕಿಸಿಕೊಂಡು ಬೆರಳು ನೆಕ್ಕುತ್ತಿದ್ದಳು.

ಆಮೇಲೆ ಮಹಡಿಯ ಕೋಣೆ ತೋರಿಸಿದಳು. ಎರಡು ಮಂಚಗಳ ಮೇಲೂ ಹೂವಿನ ಕೌದಿ ಹಾಸಿತ್ತು. ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಈಗ ಕೇಳಿದರೆ ಅರ್ಧ ಕಪ್ಪಿನ ಶಾಸ್ತ್ರವನ್ನೂ ಮಾಡುವುದಿಲ್ಲ ಎಂದುಕೊಂಡೆ. ಪ್ಯಾಟ್ ಎರಡನೆಯ ಮಂಚದ ದಿಂಬು ತಟ್ಟಿ, ನೀನು ಬರುವುದಿಲ್ಲವಲ್ಲ, ಅದಕ್ಕೆ ನನ್ನ ತಂಗಿಯನ್ನು ಕರೆದಿದ್ದೇನೆ ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಲ್ಮಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, ಬೇಕಾದದ್ದಕ್ಕೂ ಬೇಡ ಎಂದರೆ ನಿಜವಾಗಿ ಬೇಡದಿದ್ದಾಗ ಏನೆನ್ನುತ್ತೀರಿ ಎಂದು ಕೇಳಿದಳು. ಅದು ಮುಖ ನೋಡಿದರೆ ಗೊತ್ತಾಗುತ್ತದೆ ಎಂದೆ. ಅವಳು ನನ್ನ ಮುಖ ನೋಡಿದಳು. ನನಗೇನೂ ಗೊತ್ತಾಗುತ್ತಿಲ್ಲ ಎಂದಳು. ಪ್ಯಾಟ್‌ಗೆ ನೀನೇ ಹೇಳು, ನೆಲದ ಮೇಲಾದರೂ ಜಾಗ ಕೊಡುತ್ತಾಳೆ ಎಂದಳು. ಬೇಡ ಎಂದ ಮನೆಗೆ ಬಾಯಿಬಿಟ್ಟು ಕೇಳಿಕೊಂಡು ಹೋಗುವುದೇ? ಅದಕ್ಕಿಂತ ಹಿಮದಲ್ಲಿ ಮಲಗಿಯೇನು ಎನಿಸಿತು. ಆದರೆ ಒಂದು ಮಾತು ಗಟ್ಟಿಮಾಡಿಕೊಂಡೆ. ಇನ್ನು ಮೇಲೆ ಯಾರೇ ಕರೆಯಲಿ, ಮೊದಲನೆಯ ಸಲಕ್ಕೇ ಹೂಂ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಐಸೆಲಿನ್

ಐಸೆಲಿನ್ನಿನ ಓಕ್ ಟ್ರೀ ರೋಡು ಎಂದರೆ ಸಾಲು ಸಾಲು ನಮ್ಮವರ ಅಂಗಡಿಗಳು, ಅಲ್ಲಿ ಹಿಮ ಕೂಡ ನಮ್ಮ ಊರಿನದಾಗಿಬಿಡುತ್ತದೆ. ಬಿದ್ದ ಸ್ವಲ್ಪ ಹೊತ್ತಿಗೇ ಕಾಲು ಕಾಲಿಗೆ ಸಿಕ್ಕಿ ರಾಡಿ. ಗಾಜಿನ ಹಿಂದೆ ರೇಷ್ಮೆ ಸೀರೆ ಉಟ್ಟ ಗೊಂಬೆಗಳು, ಗಾಜಿನ ಮುಂದೆ ಜಾಕೆಟ್ಟಿನ ಕೆಳಗಿನ ಸೀರೆಯ ಅಂಚು ಎತ್ತಿ ಹಿಡಿದು ರಾಡಿ ದಾಟುವ ಹೆಂಗಸರು. ಶನಿವಾರ ಅಲ್ಲಿ ಕೊತ್ತಂಬರಿ ಸೊಪ್ಪು ಮೂಸಿ ನೋಡುವುದೇ ನನಗೊಂದು ಹಬ್ಬವಾಗಿತ್ತು.

ಹಾಸ್ಟೆಲ್ಲು ಮುಚ್ಚುವ ಮೊದಲು ಅಲ್ಲಿನ ಅಂಗಡಿಯೊಂದರಲ್ಲಿ ಸುನಂದಾ ಆಂಟಿ ಸಿಕ್ಕರು. ಹುಬ್ಬಳ್ಳಿಯವರು, ಅವ್ವನ ಗೆಳತಿಯ ನಾದಿನಿ, ಕನ್ನಡದವರ ದೀಪಾವಳಿ ಕೂಟದಲ್ಲಿ ಒಮ್ಮೆ ಕಂಡಿದ್ದೆ. ಮನೆ ಲಾಂಗ್ ಐಲೆಂಡಿನ ಜೆರಿಕೋದಲ್ಲಿ. ಜೊತೆಗಿದ್ದ ಅಂಕಲ್ ಎರಡು ಗಾಡಿ ತುಂಬ ಅಕ್ಕಿ ಚೀಲ, ತೊಗರಿಬೇಳೆ, ನೀರಿನ ಕ್ಯಾನು ಪೇರಿಸಿಕೊಂಡಿದ್ದರು. ಮದುವೆಯೇ ಎಂದು ಕೇಳಿದೆ. ಅವರು ದನಿ ತಗ್ಗಿಸಿ ವಿವರಿಸಿದರು. ಇಸವಿ ಬದಲಾದ ಗಳಿಗೆಗೆ ಕಂಪ್ಯೂಟರುಗಳೆಲ್ಲ ನೂರು ವರ್ಷ ಹಿಂದಕ್ಕೆ ಹೋಗುತ್ತವಂತೆ. ಕರೆಂಟು ಹೋಗುತ್ತದೆ, ಅಂಗಡಿ ಮುಚ್ಚುತ್ತದೆ, ನಲ್ಲಿಯಲ್ಲಿ ನೀರೂ ಬರಲಿಕ್ಕಿಲ್ಲ. ಹಾಗಾಗದಂತೆ ಮ್ಯಾನ್‌ಹಟನ್ನಿನ ಆಫೀಸಿನಲ್ಲಿ ಎರಡು ವರ್ಷದಿಂದ ಕಂಪ್ಯೂಟರು ರಿಪೇರಿ ಮಾಡುತ್ತಿದ್ದವರು ಅವರೇ. ಅಡುಗೆಭಟ್ಟನೇ ತನ್ನ ಅಡುಗೆ ಉಣ್ಣಲು ಹೆದರಿದ ಹಾಗಿತ್ತು.

ರಜೆಗೆ ಎಲ್ಲಿ ಎಂದು ಆಂಟಿ ಕೇಳಿದರು. ಹಾಸ್ಟೆಲ್ಲು ಮುಚ್ಚುವ ಸಂಗತಿ ಹೇಳಿದೆ.

"ಹಾಸ್ಟೆಲ್ ಬಂದ್ ಆದ್ರ ಏನಾತವಾ, ನಮ್ಮನಿ ಇಲ್ಲೇನು? ಎಷ್ಟ್ ದಿನಾ ಬೇಕಾದ್ರೂ ಬಂದು ಇರು. ನಿನ್ನ ಮನೀನ ಅಂತ ತಿಳ್ಕೋ."

"ಆತ್ರೀ ಆಂಟಿ, ಬರ್ತೀನಿ" ಎಂದೆ.

ಎರಡನೆಯ ಸಲ ಕರೆಯಲೆಂದು ತೆರೆದ ಆಂಟಿಯ ಬಾಯಿ ತೆರೆದೇ ಇತ್ತು. ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದ ಕೈ ನಿಂತಿತು. ಅಂಕಲ್ ಆಂಟಿಯ ಮುಖ ನೋಡಿದರು, ಆಂಟಿ ಬೆಂಡೆಕಾಯಿಯ ಮುಖ ನೋಡಿದರು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ನನಗೆ ಅದೊಂದೂ ಹೊಳೆಯಲಿಲ್ಲ. ಅಮೆರಿಕ ಕಲಿತೆ ಎಂಬ ಉಬ್ಬಿನಲ್ಲಿ ನಾನು ರಾಡಿಯಲ್ಲಿ ಕುಣಿಯುತ್ತ ಬಸ್ಸಿಗೆ ನಡೆದೆ.

ಜೆರಿಕೋ

ನನಗೆ ಕೊಟ್ಟ ಜಾಗ ನೆಲಮಾಳಿಗೆ. ಬಿಚ್ಚಿ ಹಾಸುವ ಸೋಫಾ, ಅದರ ಒಂದು ಕಡೆ ಅಕ್ಕಿ ಚೀಲಗಳು, ಇನ್ನೊಂದು ಕಡೆ ನೀರಿನ ಕ್ಯಾನುಗಳು, ತಲೆಯ ಹತ್ತಿರ ಬೇಳೆ. ಲೋಕ ಮುಳುಗಿದರೂ ಈ ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ ಎಂದುಕೊಂಡು ಮಲಗಿದೆ. ಕೆಳಗಿನ ಹೀಟರು ಅರ್ಧಕ್ಕಿತ್ತು. ಬೇಸ್‌ಮೆಂಟಿನಾಗ ಯಾರೂ ಇರೂದಿಲ್ಲಲ್ಲವಾ, ಅದಕ್ಕ ಕಮ್ಮಿ ಇಡ್ತೀವಿ ಎಂದರು ಆಂಟಿ. ಯಾರೂ ಇಲ್ಲದ ಬೇಸ್‌ಮೆಂಟಿನಲ್ಲಿ ನಾನು ಕೋಟು ಹಾಕಿಕೊಂಡು ಮಲಗಿದೆ.

ಆದರೂ ಹೆಲ್ಮಿಯ ಪಾಠ ಬಿಡಲಿಲ್ಲ. ದಿನಾ ಹೊರಗೆ ಹೋದೆ. ನೆಲದ ಮಟ್ಟದಲ್ಲಿದ್ದ ಸಣ್ಣ ಕಿಟಕಿಯಲ್ಲಿ ಅಳಿಲುಗಳ ಕಾಲುಗಳಷ್ಟೇ ಕಾಣುತ್ತಿದ್ದವು, ಅದನ್ನು ನೋಡುವುದು ಬೆಳಗಿನ ಸಿನಿಮಾ. ಅಂಕಲ್‌ಗೆ ಬೆನ್ನುನೋವೆಂದು ಮನೆ ಮುಂದಿನ ಹಿಮ ತೆಗೆಯುವ ಕೆಲಸ ನನಗೆ ಬಂತು. ಬೇಸರವಾಗಲಿಲ್ಲ, ಗುದ್ದಲಿ ಹಿಡಿಯುವ ಓದೇ ಅಲ್ಲವೇ ನನ್ನದು. ಒಂದು ಬೆಳಿಗ್ಗೆ ಗೋಡೆಯಂಚಿನಲ್ಲಿ ಹಿಮ ಸರಿಸಿದಾಗ ಕೆಳಗೆ ಮಣ್ಣು ಕಂಡಿತು. ಮನೆಯ ಬಿಸಿಗೆ ಹೆಪ್ಪುಗಟ್ಟದೆ ಉಳಿದ ಒಂದು ಹಿಡಿ ಕಂದು ಮಣ್ಣು. ತಿಂಗಳ ಮೇಲೆ ಕಂಡದ್ದು. ಕೈಗವಸು ತೆಗೆದು ಹಿಡಿದು ಮೂಸಿದೆ. ಧಾರವಾಡದ ಎರೆಮಣ್ಣಿನ ವಾಸನೆ ಅದಕ್ಕಿರಲಿಲ್ಲ, ಆದರೆ ಮಣ್ಣೇ ಆಗಿತ್ತು. ಆ ಚಳಿಗಾಲದ ಬಲು ದೊಡ್ಡ ಸುಖ ಅದೇ ಎಂದು ಈಗಲೂ ಹೇಳುತ್ತೇನೆ. ಒಳಗಿನಿಂದ ಆಂಟಿ ಕಿಟಕಿ ಬಡಿದು, ಮಂದಿ ನೋಡ್ತಾರವಾ ಎಂದರು.

ಕ್ರಿಸ್‌ಮಸ್ಸಿನ ರಜೆಗೆ ನಾಲ್ಕು ಮನೆಯವರು ಊಟಕ್ಕೆ ಬಂದರು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಯಾರು ಎಂದು ಯಾರೋ ಕೇಳಿದರು.

"ಇಕಿ ಗೀತಾ, ನಮ್ಮ ಕಡಿಯಾಕಿ. ರಜಾದಾಗ ನನಗ ಹೆಲ್ಪ್ ಮಾಡಾಕ ಬಂದಾಳ" ಎಂದರು ಆಂಟಿ.

ಲಟ್ಟಣಿಗೆ ಕೈಯಲ್ಲೇ ನಿಂತಿತು. ಆಮೇಲೆ ಲಟ್ಟಿಸಿದೆ. ಬಂದವರಲ್ಲಿ ಒಬ್ಬರು ಏನು ಓದುತ್ತೀ ಎಂದು ಕೇಳಿ, ಉತ್ತರ ಕೇಳಿ, ಈಗಲೂ ಕಾಲ ಮಿಂಚಿಲ್ಲ, ಮೂರು ತಿಂಗಳ ಜಾವಾ ಕೋರ್ಸು ಮಾಡು ಎಂದರು. ಅವರ ತಟ್ಟೆಗೆ ಚಪಾತಿ ಹಾಕಿದೆ. ಅವರು ಸಾಕು ಸಾಕು ಎಂದರು. ನಾನು ಮತ್ತೆ ಹಾಕಿದೆ. ಅವರು ಮತ್ತೆ ಸಾಕು ಎಂದರು, ನಾನು ಮತ್ತೂ ಹಾಕಿದೆ. ಮೂರನೆಯದಕ್ಕೆ ಅವರ ಮುಖ ಅರಳಿತು. ಅವ್ವನ ಶಾಲೆ ಬಡಿಸುವವರಿಗೆ ಮಾತ್ರ ಇನ್ನೂ ತೆರೆದಿತ್ತು.

ಆಂಟಿಯ ಮಗಳು ನಿಕಿತಾ, ಒಂಬತ್ತು ವರ್ಷದ ಚುರುಕು ಹುಡುಗಿ, ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು. ನನ್ನನ್ನು ಕಂಡರೆ ಅವಳಿಗೆ ಪ್ರೀತಿ. ಮರುದಿನ ಅಂಗಳದಲ್ಲಿ ಇಬ್ಬರೂ ಹಿಮದ ಗೊಂಬೆ ಮಾಡುತ್ತಿದ್ದೆವು. ಗಜ್ಜರಿಯ ಮೂಗು ಚುಚ್ಚುತ್ತ, ನೀನು ಯಾವಾಗ ಹೋಗುತ್ತೀ ಎಂದು ಕೇಳಿದಳು. ಕಾಲೇಜು ತೆರೆದ ಮೇಲೆ ಎಂದೆ. ಆಗ, ಆಟದ ನಿಯಮ ಗೊತ್ತಿಲ್ಲದವರಿಗೆ ಹೇಳಿಕೊಡುವ ದನಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿದಳು: "ಅಮ್ಮ ಕರೆದದ್ದು ಸುಮ್ಮನೆ, ಚೆನ್ನಾಗಿರಲಿ ಅಂತ. ನೀನು ಬೇಡ ಅನ್ನಬೇಕಿತ್ತಂತೆ. ಅಪ್ಪನ ಹತ್ತಿರ ದಿನಾ ಹೇಳುತ್ತಾಳೆ."

ಗೊಂಬೆಗೆ ಕಣ್ಣು ಇಡುವುದು ಉಳಿದಿತ್ತು. ಇಟ್ಟೆ. ಅವ್ವನ ಶಾಲೆಯ ಹೊಸ್ತಿಲಲ್ಲೇ ನಾನು ಎಡವಿದ್ದೆ. ಅಮೆರಿಕದವಳು ಮನಸಾರೆ ಕರೆದಾಗ ನಮ್ಮೂರಿನ ಉತ್ತರ ಕೊಟ್ಟೆ, ನಮ್ಮೂರಿನವರು ಬಾಯಿಮಾತಿಗೆ ಕರೆದಾಗ ಅಮೆರಿಕದ ಉತ್ತರ ಕೊಟ್ಟೆ. ಸಿಟ್ಟು ಬಂತು. ಆಂಟಿಯ ಮೇಲೆ ಬಂತು, ಚಿವುಟಿದ ಅವ್ವನ ಮೇಲೆ ಬಂತು, ಎರಡನೆಯ ಸಲ ಕೇಳದ ಪ್ಯಾಟ್ ಮೇಲೂ ಬಂತು. ಆದರೆ ಸಿಟ್ಟು ಬಂದರೆ ಎದ್ದು ಹೋಗಲು ಒಂದು ಜಾಗ ಬೇಕು. ನನಗಿದ್ದದ್ದು ಅಕ್ಕಿ ಚೀಲಗಳ ನಡುವಿನ ಸೋಫಾ ಒಂದೇ.

ಮಾರನೆಯ ದಿನ ಆಂಟಿ ಇಲ್ಲದ ಹೊತ್ತಿಗೆ ಕ್ರ್ಯಾನ್‌ಬರಿಗೆ ಫೋನು ಮಾಡಿದೆ. ಹೆಲ್ಮಿ ಎತ್ತಿದಳು. ಹಿಂದೆ ಪ್ಯಾಟ್ ಮತ್ತು ಅವಳ ತಂಗಿ ನಗುವುದು ಕೇಳಿಸುತ್ತಿತ್ತು. ಶುಂಠಿ ಬಿಸ್ಕತ್ತು ಮಾಡುತ್ತಿದ್ದರಂತೆ. ಹೆಲ್ಮಿ ದನಿ ತಗ್ಗಿಸಿ ಹೇಳಿದಳು. ಪ್ಯಾಟ್‌ಗೆ ನನ್ನ ಬಗ್ಗೆ ಬೇಸರವಂತೆ. ಅವಳ ಮನೆ ನನಗೆ ಒಗ್ಗಲಿಲ್ಲವೇನೋ, ಪೈಯನ್ನೂ ಮತ್ತೆ ಮುಟ್ಟಲಿಲ್ಲ ಎಂದು ಹೇಳುತ್ತಿದ್ದಳಂತೆ. ಅಲ್ಲಿ ಹೇಗಿದೆ ಎಂದು ಹೆಲ್ಮಿ ಕೇಳಿದಳು. ಬೆಚ್ಚಗಿದೆ ಎಂದೆ.

ಹೊಸ ವರ್ಷ ಬಂತು. ಬೆಳಿಗ್ಗೆ ಎದ್ದು ನೋಡಿದರೆ ದೀಪ ಉರಿಯುತ್ತಿತ್ತು, ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ನಲ್ಲಿಯಲ್ಲಿ ನೀರು ಬಂತು. ರಾತ್ರಿಯೆಲ್ಲ ಆಫೀಸಿನಲ್ಲಿದ್ದ ಅಂಕಲ್ ನಿದ್ದೆಗೆಟ್ಟ ಕಣ್ಣಲ್ಲಿ ಬಂದು, ಏನೂ ಆಗಲಿಲ್ಲ ಎಂದರು. ಅವರಿಗೆ ಸಂತೋಷಕ್ಕಿಂತ ನಿರಾಸೆಯೇ ಹೆಚ್ಚಾದಂತಿತ್ತು. ಆಂಟಿ ನೆಲಮಾಳಿಗೆಗೆ ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತರು. ಅಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು. ಬಾರದೇಹೋದ ಕೆಟ್ಟ ಕಾಲಕ್ಕೆಂದು ತಂದ ಅಕ್ಕಿ, ಬರಲಾರಳು ಎಂದು ಕರೆದ ಹುಡುಗಿ, ಇಬ್ಬರೂ ಅಲ್ಲೇ ಇದ್ದೆವು.

ಮರಳಿ

ಕಾಲೇಜು ತೆರೆಯುವ ದಿನ ಬಂತು. ನಾನು ಬೂಟು ಹಾಕಿಕೊಳ್ಳುವ ಮೊದಲೇ ಅಂಕಲ್ ಸ್ಟೇಷನ್ನಿಗೆ ಬಿಡಲು ಕಾರು ಶುರುಮಾಡಿ ಕುಳಿತಿದ್ದರು. ನಿಕಿತಾ ನನ್ನ ಸೊಂಟ ತಬ್ಬಿಕೊಂಡು ಅತ್ತಳು. ಆಂಟಿ ಕುಂಕುಮ ಹಚ್ಚಿ, ಬಾಗಿಲಲ್ಲಿ ನಿಲ್ಲಿಸಿದ್ದ ಚೀಲವೊಂದನ್ನು ಮುಂದಕ್ಕೆ ಎಳೆದರು.

"ಗೀತಾ, ಒಂದ್ ಚೀಲಾ ಅಕ್ಕಿ ತಗೊಂಡ್ ಹೋಗವಾ."

ಬೇಡ ಎಂದೆ. ಈ ಸಲ ನಿಜವಾಗಿಯೂ ಬೇಡವಾಗಿತ್ತು. ಎರಡು ರೈಲು, ಒಂದು ಬಸ್ಸು, ಕೈಯಲ್ಲಿ ಪೆಟ್ಟಿಗೆ. ಆಂಟಿ ಬಿಡಲಿಲ್ಲ. ಮಗಳನ್ನು ಬರಿಗೈಯಲ್ಲಿ ಕಳಿಸಿದರು ಎಂದು ನಿಮ್ಮ ಅವ್ವ ಅಂದುಕೊಳ್ಳುವುದಿಲ್ಲವೇ ಎಂದರು. ಹೊರಲಾಗುವುದಿಲ್ಲ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನನ್ನಾಣಿ ಐತಿ. ಬ್ಯಾಡ ಅನಬ್ಯಾಡ. ತಗೋಬೇಕು ಅಂದ್ರ ತಗೋಬೇಕು."

ಮೂರು ಸಲ. ಪ್ಯಾಟ್‌ಳ ಬಾಯಲ್ಲಿ ಬರಲೆಂದು ವಾರವೆಲ್ಲ ಕಾದ ಮೂರನೆಯ ಕರೆ ಅದು, ಆಂಟಿಯ ಬಾಯಲ್ಲಿ ಮನಸಾರೆ ಬಂತು. ನಾನು ಚೀಲ ಎತ್ತಿಕೊಂಡೆ. ಮನೆಯಲ್ಲಿ ಒಂದು ಚೀಲದ ಜಾಗವೂ ನನ್ನ ಜಾಗವೂ ಒಟ್ಟಿಗೆ ಖಾಲಿಯಾದವು.

ನ್ಯೂಯಾರ್ಕಿನಲ್ಲಿ ರೈಲು ಬದಲಿಸುವಾಗ ಮೆಟ್ಟಿಲ ಬುಡದಲ್ಲಿ ಉಸಿರು ಕಟ್ಟಿ ನಿಂತೆ. ಟೋಪಿ ಹಾಕಿದ ಒಬ್ಬ ಮನುಷ್ಯ ಇಳಿಯುತ್ತಿದ್ದವನು ನಿಂತು, ಕೈ ಹಚ್ಚಲೇ ಎಂದು ಕೇಳುವುದಕ್ಕೆ ಬಾಯಿ ತೆರೆದ. ಅವನ ಮಾತು ಮುಗಿಯುವ ಮೊದಲೇ ಹೂಂ ಎಂದೆ. ಅವನು ಚೀಲವನ್ನು ಮೇಲೆ ಇಟ್ಟು, ತಿರುಗಿಯೂ ನೋಡದೆ ಹೋದ.

ಹಾಸ್ಟೆಲ್ಲಿನಲ್ಲಿ ಹೆಲ್ಮಿ ಕಿಟಕಿಗೆ ಬತ್ತಿ ಹಚ್ಚಿಟ್ಟು ಕಾಯುತ್ತಿದ್ದಳು. ಹೀಟರಿನ ಮೇಲೆ ನನ್ನ ಕಾಲುಚೀಲಗಳಿದ್ದವು. ಪ್ಯಾಟ್ ಕಳಿಸಿದ ಬಿಸ್ಕತ್ತು ಕೊಟ್ಟಳು, ಬೇಕೇ ಎಂದು ಕೇಳಲಿಲ್ಲ, ಕೈಗೇ ಇಟ್ಟಳು. ಅವಳಿಗೂ ಏನೋ ಅರ್ಥವಾಗಿರಬೇಕು. ತಿನ್ನುತ್ತ ಸ್ವಲ್ಪ ಅತ್ತೆ.

ಭಾನುವಾರ ಅವ್ವನಿಗೆ ಫೋನು ಮಾಡಿದೆ. ಸುನಂದಾ ಮನೆಯಲ್ಲಿ ಚೆನ್ನಾಗಿ ನೋಡಿಕೊಂಡಳೇ ಎಂಬುದೇ ಅವಳ ಮೊದಲ ಮಾತು. ಸುಳ್ಳು ಹೇಳಲು ಬರುವುದಿಲ್ಲ ನನಗೆ. ಹಾಗಾಗಿ ನಡೆದದ್ದನ್ನೇ ಹೇಳಿದೆ: ಬೇಡ ಬೇಡ ಎಂದರೂ ಕೇಳಲಿಲ್ಲ, ಆಣೆ ಹಾಕಿ ಒಂದು ಚೀಲ ಅಕ್ಕಿ ಹೊರಿಸಿ ಕಳಿಸಿದರು.

"ನೋಡು, ಎಷ್ಟ ದೂರ ಹೋದ್ರೂ ನಮ್ಮ ಮಂದಿ ನಮ್ಮ ಮಂದೀನ" ಎಂದಳು ಅವ್ವ. ಆಮೇಲೆ ಪರೀಕ್ಷೆಯ ದನಿಯಲ್ಲಿ ಕೇಳಿದಳು. "ನೀ ಎಷ್ಟನೇ ಸಲಕ್ಕ ಹೂಂ ಅಂದಿ?"

"ಮೂರನೇ ಸಲಕ್ಕವಾ."

"ಶಾಣ್ಯಾಕಿ" ಎಂದಳು.